ಲೈಬ್ರರಿಯ ಆಚೆ

ನವೆಂಬರ್ 9, ಭಾನುವಾರ. ಬೆಳಿಗ್ಗೆ

ಮತ್ತೆ ಕಪ್ಪು ಪರದೆ. ಆಮೇಲೆ ಒಂದು ಸಣ್ಣ ಪೆಟ್ಟಿಗೆ — 3ಡಿ ಸಾಧನ ಸಿಗಲಿಲ್ಲವಂತೆ. ಸಿಗಲಿಲ್ಲ! ಹೊಸ ಗ್ರಾಫಿಕ್ಸ್ ಕಾರ್ಡ್ ಎರಡು ಫ್ಯಾನ್ ತಿರುಗಿಸಿಕೊಂಡು ಮೂಗಿನ ಮುಂದೆಯೇ ಕೂತಿದೆ, ಈ ಹಳೇ ಆಟದ ಕಣ್ಣಿಗೆ ಬೀಳುವುದಿಲ್ಲ. ಹಳೆಯ ವಿಂಡೋಸ್ ಅಂತ ನಂಬಿಸುವ ಸೆಟ್ಟಿಂಗ್ ಹಾಕಿದೆ. ಅಡ್ಮಿನ್ ಆಗಿ ಓಡಿಸಿದೆ. ಬಣ್ಣ ಇಳಿಸಿದೆ. ಊಹೂಂ.

ಪರದೆ ಕಪ್ಪಾಗಿರುವಷ್ಟು ಹೊತ್ತು ಇಲ್ಲಿ ಬರೆಯುತ್ತೇನೆ. ಸುಮ್ಮನೆ ಕೂರಲು ಬರುವುದಿಲ್ಲ ನನಗೆ. ಕೈಯಲ್ಲಿ ಪೆನ್ನು ಇಲ್ಲದಿದ್ದರೆ ಉಗುರು ಕಚ್ಚುತ್ತೇನೆ.

ಇದೆಲ್ಲ ಶ್ರೀನಿವಾಸಮೂರ್ತಿಯ ಕಿತಾಪತಿ. ನಮ್ಮ ಎಂಸಿಎ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಅವನೇ ಯಜಮಾನ. 22ಕ್ಕೆ, ಶನಿವಾರ, ಎಲ್ಲರೂ ಶಂಕರಘಟ್ಟದಲ್ಲಿ, ನಮ್ಮ ಹಳೇ ಕ್ಯಾಂಪಸ್ಸಿನಲ್ಲಿ, ಸೇರುವುದಂತೆ. ಆಗ ಲ್ಯಾಬಿನಲ್ಲಿ ಕದ್ದು ಆಡುತ್ತಿದ್ದ ಗುಂಡು ಹಾರಿಸುವ ಆಟ ಇತ್ತಲ್ಲ, ಅದರೊಳಗೆ ವಿಜಯಕುಮಾರ್ ನಮ್ಮ ಕ್ಯಾಂಪಸ್ಸನ್ನೇ ಕಟ್ಟಿ ಒಂದು ಲೆವೆಲ್ ಮಾಡಿದ್ದ. ಕ್ಯಾಂಟೀನು, ಹಾಸ್ಟೆಲ್ಲು, ಲೈಬ್ರರಿ ಎಲ್ಲ. ಅದನ್ನು ಪ್ರೊಜೆಕ್ಟರ್ ಮೇಲೆ ಹಾಕಬೇಕಂತೆ. ಸಿ.ಡಿ. ಉಳಿದಿರುವುದು ನನ್ನ ಹತ್ತಿರ ಮಾತ್ರ. "ಪ್ರಿಯಂವದಾ ಮೇಡಂ ಪಿಯು ಮಕ್ಕಳಿಗೆ ಕಂಪ್ಯೂಟರ್ ಹೇಳ್ಕೊಡ್ತಾರೆ, ಅವರಿಗೆ ಇದು ಚಿಟಿಕೆ ಹೊಡೆದಷ್ಟು ಸುಲಭ" ಅಂತ ಗ್ರೂಪಿನಲ್ಲಿ ಬರೆದ. ಬಂದು ಹೊಡೆಯಲಿ ಚಿಟಿಕೆ.

ವಿಜಯನಿಗೆ ಫೋನ್ ಮಾಡಿದೆ. ಭಾನುವಾರವೂ ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲೇ ಇದ್ದ. ಹಿಂದೆ ಲೇತ್ ಸದ್ದು.

"ಬಿಡು ಮಾರಾಯ್ತಿ. ಸತ್ತು ಹೋಗಿರೋ ಆಟ. ಯಾಕೆ ಎಬ್ಬಿಸ್ತೀಯ?"

"ಗ್ರೂಪಲ್ಲಿ ಒಪ್ಕೊಂಡಾಗಿದೆ. ಮರ್ಯಾದೆ ಪ್ರಶ್ನೆ."

"ಒಪ್ಕೊಂಡಿದ್ದು ನೀನು. ನನ್ನ ಒಂದ್ ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಮಾತು ಬದಲಿಸಲು ಮತ್ತೇನು ಸಮಾಚಾರ ಅಂದೆ. "23ಕ್ಕೆ ಅಕ್ಕ ತರೀಕೆರೆಗೆ ಕರ್ಕೊಂಡು ಹೋಗ್ತಿದಾಳೆ. ಹೆಣ್ಣು ನೋಡೋಕೆ" ಅಂದ. ಅಕ್ಕ ಅಂದರೆ ಜಯಶೀಲಕ್ಕ, ಭದ್ರಾವತಿಯಲ್ಲಿ ಅವನ ಜೊತೆಗೇ ಇರುವವರು. "ಈ ವಯಸ್ಸಲ್ಲಿ ನಂಗೆ ಹೆಣ್ಣಂತೆ" ಅಂತ ತಾನೇ ನಕ್ಕ.

"ಒಳ್ಳೇದೇ ಆಯ್ತಲ್ಲೋ" ಅಂದೆ.

ಫೋನ್ ಇಟ್ಟ ಮೇಲೆ ಕಪಾಟಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಒರೆಸಿ ಮತ್ತೆ ಜೋಡಿಸಿದೆ. ಯಾಕೆ ಅಂತ ಗೊತ್ತಿಲ್ಲ. ಧೂಳೇನೂ ಇರಲಿಲ್ಲ.

ನವೆಂಬರ್ 11, ಮಂಗಳವಾರ

ಒಂದು ಫೋರಂ ಸಿಕ್ಕಿತು. ನನ್ನಂಥ ತಲೆಕೆಟ್ಟವರು ಲೋಕದ ತುಂಬ ಇದ್ದಾರೆ, ಸಮಾಧಾನ. ವಿಷಯ ಇಷ್ಟು — ಹಳೇ ಆಟದ ಮಾತು ಹೊಸ ಕಾರ್ಡಿಗೆ ಅರ್ಥವಾಗುವುದಿಲ್ಲ, ನಡುವೆ ಒಬ್ಬ ದುಭಾಷಿ ಬೇಕು. ಚಿಕ್ಕದೊಂದು ಡಿಎಲ್ಎಲ್ ಫೈಲು. ಆಟದ ಫೋಲ್ಡರಿನಲ್ಲಿ ಇಟ್ಟರೆ ಸಾಕಂತೆ. ಇಟ್ಟೆ. ಆಗಲಿಲ್ಲ. ಬೈದೆ. ಆಮೇಲೆ ನೋಡಿದರೆ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದೆ. ಬೈದಿದ್ದನ್ನು ಅಮ್ಮ ಕೇಳಿಸಿಕೊಂಡರು.

"ಯಾರಿಗೇ ಅದು ಬೈಗುಳ?"

"ಕಂಪ್ಯೂಟರಿಗೆ."

"ಪಾಪ, ಅದೇನು ಮಾಡತ್ತೆ. ನೀನು ಎರಡು ದಿನದಿಂದ ಎಲ್ಲರ ಮೇಲೂ ಹರಿಹಾಯ್ತಿದೀಯ. ಹಾಲಿನವನ ಮೇಲೂ."

ಹಾಲಿನವನು ತಡವಾಗಿ ಬಂದಿದ್ದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದ್ದಕ್ಕಿದ್ದಂತೆ ಅಮ್ಮನಿಗೆ ಹೇಳಿದೆ, ವಿಜಯ ಹೆಣ್ಣು ನೋಡಲು ಹೋಗುತ್ತಿದ್ದಾನೆ ಅಂತ. ಅಮ್ಮ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಒಳ್ಳೇ ಹುಡುಗ" ಅಂದರು, ಅಷ್ಟೇ. ನನ್ನ ಜಾತಕ ಹಿಡಿದು ವಿನೋಬನಗರದ ಪುರೋಹಿತರನ್ನೆಲ್ಲ ಸುತ್ತಿ ಚಪ್ಪಲಿ ಸವೆಸಿದವರು ಇವರು. ಬಂದ ಒಬ್ಬೊಬ್ಬನಿಗೂ ನಾನು ಕೊಂಕು ತೆಗೆದೆ. ಕೊನೆಗೆ ಜಾತಕ ದೇವರ ಮನೆಯ ಗೂಡಿಗೆ ಸೇರಿತು.

ನವೆಂಬರ್ 13, ಗುರುವಾರ

ಓಡಿತು!! ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡದೆ ಕೂತಿದ್ದೆ. ವಿಜಯ ಕಟ್ಟಿದ ಕ್ಯಾಂಟೀನು, ಮುಂದೆ ನಾನು. ಆದರೆ ಒಂದು ಹೆಜ್ಜೆ ಒತ್ತಿದರೆ ಸೀದಾ ಗೋಡೆಗೆ ಹೋಗಿ ಮೂಗು ಕುಟ್ಟುತ್ತೇನೆ. ಹೊಸ ಕಾರ್ಡಿನ ವೇಗ ಹಳೇ ಆಟಕ್ಕೆ ತಡೆದುಕೊಳ್ಳಲು ಆಗುತ್ತಿಲ್ಲ. ಸೆಕೆಂಡಿಗೆ ಇಷ್ಟೇ ಚಿತ್ರ ಅಂತ ಕಟ್ಟಿಹಾಕಿದೆ. ಈಗ ಮನುಷ್ಯರ ಹಾಗೆ ನಡೆಯುತ್ತದೆ.

ಕ್ಯಾಂಟೀನಿನ ಗೋಡೆಗೆ ವಿಜಯ ಬರೆದ ತಿಂಡಿ ಬೋರ್ಡು. ಕಂಪ್ಯೂಟರಿನ ಪೇಂಟ್ ಪ್ರೋಗ್ರಾಮಿನಲ್ಲಿ ಬಳಿದದ್ದು. "ಇಡ್ಲಿ ಖಾಲಿ." ಜೋರಾಗಿ ನಕ್ಕೆ. ಯಾವತ್ತೂ ಖಾಲಿಯೇ.

ಆದರೂ ಏನೋ ಸರಿ ಇಲ್ಲ. ಎಲ್ಲ ತೀರಾ ಸ್ಪಷ್ಟ. ನಾಳೆ ನೋಡಬೇಕು.

ನವೆಂಬರ್ 15, ಶನಿವಾರ. ಬೆಳಿಗ್ಗೆ

ಮಂಜು! ಮಂಜು ಇಲ್ಲ. ನನ್ನ ನೆನಪಿನ ಕ್ಯಾಂಪಸ್ಸಿನಲ್ಲಿ ದಟ್ಟ ಬಿಳಿ ಮಂಜು ಇತ್ತು. ಹತ್ತು ಹೆಜ್ಜೆ ಆಚೆಗೆ ಏನೂ ಕಾಣುತ್ತಿರಲಿಲ್ಲ. ಈಗ ರಸ್ತೆ ಉದ್ದಕ್ಕೂ ಕಾಣುತ್ತಿದೆ.

ವಿಜಯನಿಗೆ ಫೋನ್.

"ನೀನು ಹಾಕಿದ್ ಮಂಜು ಬರ್ತಿಲ್ಲ ಕಣೋ."

"ಯಾವ ಮಂಜು? ನಾನು ಮಂಜು ಹಾಕೇ ಇಲ್ಲ."

"ಇತ್ತು. ನಾನು ನೋಡಿದೀನಿ."

"ಮಾಡಿದ್ದು ನಾನು ಮಾರಾಯ್ತಿ! ಲ್ಯಾಬಿನ ಆ ಡಬ್ಬಾ ಮಶೀನ್ ಮುಂದೆ ಒಂದು ಸೆಮಿಸ್ಟರ್ ಪೂರ್ತಿ ಕೂತು ಮಾಡಿದ್ದು. ಗೇಟಿನಿಂದ ಕೊನೆವರೆಗೂ ಕನ್ನಡಿ ಥರ ಕಾಣ್ತಿತ್ತು."

"ನಂಗೇನು ಕಣ್ಣು ಕಾಣಲ್ವಾ?"

"ನಿನ್ ಹತ್ರ ವಾದ ಮಾಡೋಕಾಗಲ್ಲ" ಅಂತ ಇಟ್ಟ. ಎಷ್ಟು ಸಿಟ್ಟು ಬಂತು ಅಂದರೆ, ಫೋರಂನಲ್ಲಿ ಉತ್ತರ ಹುಡುಕದೆ ಊಟಕ್ಕೆ ಏಳುವುದಿಲ್ಲ ಅಂತ ಕೂತೆ.

ಸಿಕ್ಕಿತು. ಆ ಕಾಲದ ಮಂಜು ಕೆಲವು ಕಾರ್ಡುಗಳಿಗೆ ಮಾತ್ರ ಬರೆಯಲು ಬರುತ್ತಿತ್ತಂತೆ. ಮದರ್‌ಬೋರ್ಡಿಗೇ ಅಂಟಿಕೊಂಡು ಬರುವ ಅಗ್ಗದ ಚಿಪ್ಪಿಗೆ ಬರುತ್ತಿರಲಿಲ್ಲ, ಅದು ಮಂಜನ್ನು ಬಿಟ್ಟು ಉಳಿದದ್ದು ತೋರಿಸುತ್ತಿತ್ತು. ಈಗಿನ ಕಾರ್ಡುಗಳೂ ಹಾಗೇ. ದುಭಾಷಿ ಫೈಲಿನಲ್ಲಿ ಒಂದು ಟಿಕ್ ಹಾಕಿದರೆ ಮಂಜು ವಾಪಸ್ ಬರುತ್ತದಂತೆ. ವಿಜಯ ತನ್ನ ಲೆವೆಲ್ಲನ್ನು ಆಟದ ಜೊತೆ ಬಂದ ಒಂದು ಮಾದರಿಯ ಮೇಲೆ ಕಟ್ಟಿದ್ದ. ಆ ಮಾದರಿಯಲ್ಲೇ ಮಂಜು ಇದ್ದಿರಬೇಕು. ಲ್ಯಾಬಿನ ಮಶೀನು ತೋರಿಸಲಿಲ್ಲ, ಅವನಿಗೆ ಗೊತ್ತಾಗಲಿಲ್ಲ. ಆಗ ನಮ್ಮ ಮನೆಯಲ್ಲಿದ್ದದ್ದು ಅಪ್ಪ ಹಟ ಹಿಡಿದು ಕೊಡಿಸಿದ ಒಳ್ಳೇ ಕಾರ್ಡು. ಅದು ತೋರಿಸಿತು.

ಅಂದರೆ ಇಬ್ಬರೂ ಸರಿ. ಥೂ, ಇನ್ನು ಅವನಿಗೆ ಹೇಳಬೇಕು.

ಟಿಕ್ ಹಾಕುವ ಮೊದಲು ಲೈಬ್ರರಿಯ ಆಚೆ ಒಮ್ಮೆ ಹೋಗಿ ಬರುತ್ತೇನೆ. ದೂರದಲ್ಲಿ ಒಂದು ಹೆಂಚಿನ ಮಾಡು ಕಾಣುತ್ತಿದೆ. ನಿಜವಾದ ಕ್ಯಾಂಪಸ್ಸಿನಲ್ಲಿ ಅಲ್ಲಿ ಮನೆಯೇ ಇಲ್ಲ.

ಅದೇ ದಿನ. ಮಧ್ಯಾಹ್ನ

ಬಾಗಿಲಿಗೆ ಹೆಸರಿನ ಫಲಕ. ಸೊಟ್ಟ ಅಕ್ಷರ.

ಪ್ರಿಯಂವದಾ – ವಿಜಯಕುಮಾರ್

ಒಳಗೆ ಹೋದೆ. ಒಂದು ಮೇಜು, ಎರಡು ಕಂಪ್ಯೂಟರು, ನಡುವೆ ನೀಲಿ ವಯರು. ಗೂಟಕ್ಕೆ ಆಗ ನಾನು ದಿನಾ ಹಿಡಿದು ಬರುತ್ತಿದ್ದ ಹಳದಿ ಛತ್ರಿ. ಗೋಡೆಯಲ್ಲಿ ದೇವರ ಗೂಡು... ಎರಡು. ಒಂದರಲ್ಲಿ ಲಿಂಗ, ಒಂದರಲ್ಲಿ ಕೃಷ್ಣ. ಅವರ ಮನೆಯದು ಒಂದು, ನಮ್ಮ ಮನೆಯದು ಒಂದು.

ಎರಡು ಗೂಡು ಇಟ್ಟಿದ್ದಾನೆ. ಪಾಪಿ. ಅಲ್ಲಿಯವರೆಗೂ ಯೋಚನೆ ಮಾಡಿದ್ದಾನೆ.

ಇನ್ನು ಬರೆಯಲು ಆಗುವುದಿಲ್ಲ.

ನವೆಂಬರ್ 19, ಬುಧವಾರ

ಕಾಲೇಜಿನಲ್ಲಿ ಪಾಠ ಮಾಡಿದೆ, ಏನು ಮಾಡಿದೆನೋ. ಸಂಜೆ ನಡೆದುಕೊಂಡೇ ಮನೆಗೆ ಬಂದೆ, ಮನೆ ದಾಟಿ ಮುಂದೆ ಹೋಗಿಬಿಟ್ಟೆ. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಅಮ್ಮ ಏನೂ ಅನ್ನದೆ ಮೊಸರು ಹಾಕಿಕೊಂಡರು.

ನೆನಪಾಗಿದ್ದು ಬರೆದುಬಿಡುತ್ತೇನೆ. ಕೊನೆಯ ಸೆಮಿಸ್ಟರ್. ಶಂಕರಘಟ್ಟದ ಬಸ್ ಸ್ಟಾಪು. ನನ್ನ ಬಸ್ಸು ಶಿವಮೊಗ್ಗಕ್ಕೆ, ಅವನದು ಭದ್ರಾವತಿಗೆ. ಸಿ.ಡಿ. ಕೊಟ್ಟು, "ಮನೇಲಿ ನಿಧಾನವಾಗಿ ನೋಡು. ಕೊನೆವರೆಗೂ ಹೋಗು" ಅಂದ. ನೋಡಿದೆ. ಲೈಬ್ರರಿಯವರೆಗೆ ಹೋದೆ, ಮುಂದೆ ಬರೀ ಬಿಳಿ. ಅಲ್ಲಿಗೆ ಮುಗಿಯಿತು ಅಂದುಕೊಂಡೆ, ಯಾರಾದರೂ ಅಂದುಕೊಳ್ಳುತ್ತಾರೆ. ಸೋಮವಾರ ಅದೇ ಬಸ್ ಸ್ಟಾಪಿನಲ್ಲಿ ಕೇಳಿದ, "ಕೊನೆವರೆಗೂ ಹೋದ್ಯಾ?"

"ಹೋದೆ. ಲೈಬ್ರರಿ ಸೂಪರ್ ಕಣೋ" ಅಂದೆ.

ಲೈಬ್ರರಿ ಸೂಪರ್!

ಅವನು ತಲೆಯಾಡಿಸಿದ. ಭದ್ರಾವತಿ ಬಸ್ಸು ಬಂತು, ಹತ್ತಿದ. ಸೀಟು ಖಾಲಿ ಇದ್ದರೂ ನಿಂತೇ ಹೋದ. ಯಾಕೋ ಅಂತ ಅವತ್ತು ಒಂದು ಗಳಿಗೆ ಅನ್ನಿಸಿತ್ತು.

ಅವನು ಇಷ್ಟು ವರ್ಷ ಏನು ತಿಳಿದಿದ್ದಾನೆ ಅಂದರೆ, ನಾನು ಆ ಬಾಗಿಲವರೆಗೆ ಹೋಗಿ, ಫಲಕ ಓದಿ, ಬೇಕಂತಲೇ ಲೈಬ್ರರಿಯ ಮಾತು ಆಡಿದೆ ಅಂತ. ಆದರೂ ಗೆಳೆತನ ಬಿಡಲಿಲ್ಲ. ಅಪ್ಪ ಹೋದಾಗ ಮೂರು ದಿನ ನಮ್ಮ ಮನೆಯಲ್ಲೇ ಓಡಾಡಿದ.

ಬಾಯಿ ಬಿಟ್ಟು ಹೇಳಲು ಏನಾಗಿತ್ತು ಇವನಿಗೆ? ಮನೆ ಕಟ್ಟುತ್ತಾನಂತೆ, ಮಾಡು ಹೊದಿಸುತ್ತಾನಂತೆ, ನಾಲ್ಕು ಮಾತು ಆಡಲು ನಾಲಿಗೆ ಬರುವುದಿಲ್ಲವಂತೆ! ಸಿಟ್ಟಿಗೆ ಅಳು ಬಂತು.

ಇಲ್ಲಿ ಯಾರೂ ಓದುವುದಿಲ್ಲ, ಹಾಗಾಗಿ ಬರೆಯಬಹುದು. ನನಗೂ ಇಷ್ಟ ಇತ್ತು. ಈಗಲೂ ಇದೆ. ಭಾನುವಾರ ಅವನು ತರೀಕೆರೆಗೆ ಹೋಗುತ್ತಾನೆ.

ನವೆಂಬರ್ 20, ಗುರುವಾರ

ಶ್ರೀನಿವಾಸಮೂರ್ತಿಯ ಮೆಸೇಜು: "ರೆಡಿನಾ ಮೇಡಂ? ನಾನೇ ಗೇಟಿನಿಂದ ಕೊನೆವರೆಗೂ ನಡೆಸಿ ತೋರಿಸ್ತೀನಿ ಎಲ್ಲರಿಗೂ." ಕೊನೆಯಲ್ಲಿ ಆ ಫಲಕ ಇದೆಯಲ್ಲ!

ಟಿಕ್ ಹಾಕಿದೆ. ಮಂಜು ಬಂತು. ಮನೆ ಹೋಯಿತು. ಎಲ್ಲ ಅವತ್ತು ಇದ್ದ ಹಾಗೇ. ಶನಿವಾರ ಎಲ್ಲರೂ ಲೈಬ್ರರಿ ನೋಡಿ ಚಪ್ಪಾಳೆ ತಟ್ಟುತ್ತಾರೆ, ಭಾನುವಾರ ಅವನು ಹೆಣ್ಣಿನ ಮನೆಯ ಉಪ್ಪಿಟ್ಟು ತಿನ್ನುತ್ತಾನೆ, ಯಾರಿಗೂ ಏನೂ ಆಗುವುದಿಲ್ಲ. ಅದೇ ಸರಿ ಅಂತ ಎದ್ದು ಹೋಗಿ ಬಟ್ಟೆ ಮಡಚಿದೆ. ವಾಪಸ್ ಬಂದು ಟಿಕ್ ತೆಗೆದೆ. ಮತ್ತೆ ಹಾಕಿದೆ. ತೆಗೆದೆ. ಅವನಿಗೆ ಈಗ ಆ ಆಸೆ ಇಲ್ಲದಿದ್ದರೆ? ಹೆಣ್ಣು ನೋಡಲು ಹೊರಟವನ ಮುಂದೆ ಇದನ್ನು ಹಿಡಿದರೆ ತಮಾಷೆ ಮಾಡಿದ ಹಾಗಾಗುವುದಿಲ್ಲವೇ? ಏನಾದರಾಗಲಿ ಅಂತ ಟಿಕ್ ತೆಗೆದೇ ಇಟ್ಟೆ.

ಫೋನ್ ಮಾಡಿದೆ. "ನಾಳೆ ಸಂಜೆ ಬಾ. ಶನಿವಾರಕ್ಕೆ ಮೊದ್ಲು ನೀನೊಂದ್ಸಲ ನೋಡ್ಬೇಕು."

ಓಡುತ್ತಿದ್ದ ಲೇತ್ ನಿಲ್ಲಿಸಿದ. ಆಮೇಲೆ ಮೆಲ್ಲಗೆ, "ಅವರಿಗೆಲ್ಲ ಕೊನೆವರೆಗೂ ತೋರಿಸ್ಬೇಡ ಪ್ರಿಯಾ" ಅಂದ.

"ಬಾ ನೀನು" ಅಂದೆ.

ನವೆಂಬರ್ 21, ಶುಕ್ರವಾರ. ಸಂಜೆ

ಬಂದಿದ್ದಾನೆ. ಕೈಗೆ ಇನ್ನೂ ಮಶೀನ್ ಎಣ್ಣೆಯ ವಾಸನೆ. ಕಂಪ್ಯೂಟರ್ ಮುಂದೆ ಅವನು, ಹಿಂದೆ ಮಂಚದ ಮೇಲೆ ನಾನು. ಉಗುರು ಕಚ್ಚಬಾರದಲ್ಲ, ಅದಕ್ಕೇ ಈ ಬರಹ.

"ಏನ್ ಬರೀತಿದೀಯ?"

"ಪೇಪರ್ ತಿದ್ತಿದೀನಿ. ನೀನು ನಡಿ."

ಕ್ಯಾಂಟೀನು. ಇಡ್ಲಿ ಖಾಲಿ ನೋಡಿ ನಕ್ಕ. ಹಾಸ್ಟೆಲ್ಲು. ಲೈಬ್ರರಿಯ ಮುಂದೆ ನಿಂತುಬಿಟ್ಟ. "ಇಲ್ಲಿಗೆ ಸಾಕಲ್ವಾ?" ಅಂದ. ಸಾಕಾಗುವುದಿಲ್ಲ ಅಂದೆ. ನಡೆದ. ಬಾಗಿಲ ಮುಂದೆ ನಿಂತ. ತಿರುಗಿ ನೋಡಲಿಲ್ಲ.

"ಇದನ್ನ ನಾನು ನೋಡಿದ್ದು ಹೋದ ಶನಿವಾರ ಕಣೋ" ಅಂದೆ. "ಹೋದ ಶನಿವಾರ."

"ಕೊನೆವರೆಗೂ ಹೋದೆ ಅಂದಿದ್ಯಲ್ಲ ಅವತ್ತು?"

ಎದ್ದು ಹೋಗಿ ಟಿಕ್ ಹಾಕಿದೆ. ಪರದೆ ಬೆಳ್ಳಗಾಯಿತು. "ನಂಗೆ ಕಂಡಿದ್ದು ಇದು. ನಮ್ಮನೆ ಕಾರ್ಡು ಮಂಜು ತೋರಿಸ್ತಿತ್ತು. ನಿನ್ ಲ್ಯಾಬ್ ಮಶೀನು ತೋರಿಸ್ತಿರ್ಲಿಲ್ಲ."

ಟಿಕ್ ತೆಗೆದ. ಹಾಕಿದ. ತೆಗೆದ. "ಅಯ್ಯೋ ಶಿವನೇ" ಅಂದ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅಷ್ಟರಲ್ಲಿ ಅಮ್ಮ ಕಾಫಿ ತಂದರು. ಕನ್ನಡಕ ಮೂಗಿಗೆ ಏರಿಸಿ ಪರದೆ ನೋಡಿದರು. ಅವನು ಗಾಬರಿಯಲ್ಲಿ ಯಾವುದೋ ಕೀ ಒತ್ತಿ ಮನೆಯೊಳಗೇ ಹೋಗಿಬಿಟ್ಟ.

"ಯಾರ ಮನೆಯೋ ಇದು? ಎರಡು ದೇವರ ಗೂಡು ಇಟ್ಟಿದಾರೆ. ಒಳ್ಳೇ ಏರ್ಪಾಡು. ಒಲೆ ಎಲ್ಲಿ?"

"ಒಲೆ ಮಾಡೋಕೆ ಬರ್ಲಿಲ್ಲಮ್ಮ" ಅಂದ ವಿಜಯ.

"ಒಲೆ ಇಲ್ಲದೆ ಸಂಸಾರ ಹೇಗೆ ಮಾಡ್ತೀರೋ?" ಅಂದರು. ಮಾಡ್ತಾರೋ ಅಲ್ಲ, ಮಾಡ್ತೀರೋ ಅಂದರು. ಲೋಟ ಇಟ್ಟು, ನನ್ನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಒಳಗೆ ಹೋದರು.

ಕಾಫಿ ಆರುತ್ತಿದೆ. ಮೇಜಿನ ಮೇಲೆ ಅವನ ಫೋನ್ ರಿಂಗ್ ಆಗುತ್ತಿದೆ, ಜಯಶೀಲಕ್ಕ. ಭಾನುವಾರ ಎಷ್ಟು ಹೊತ್ತಿಗೆ ಹೊರಡುವುದು ಅಂತ ಕೇಳಲು ಇರಬೇಕು. ಅವನು ಎತ್ತುತ್ತಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಾನೆ. ಇವನಿಗಂತೂ ಇವತ್ತಿಗೂ ಬಾಯಿ ಬರುವುದಿಲ್ಲ. ಇನ್ನೂ ರಿಂಗ್ ಆಗುತ್ತಿದೆ. ಸರಿ, ನಾನೇ ಎತ್ತಿ ಹೇಳುತ್ತೇನೆ, ಭಾನುವಾರ ತರೀಕೆರೆಗೆ ಹೋಗುವುದು ಬೇಡ ಅಂತ.