ಇಸ್ತ್ರಿ ಪೆಟ್ಟಿಗೆಯ ಪಕ್ಕದ ಬೂದು ಗೀಟು

ಜೂನ್ 34, 2191
ಭಾನುವಾರ, ಮುಚ್ಚುಹೊತ್ತು
ಚಿತ್ರಶಾಲೆ, ಹುಬ್ಬಳ್ಳಿ

ಇಂದುಮತಿ ಅಕ್ಕ ಅವರಿಗೆ,

ಲೆಕ್ಕ ಹಾಕಿದರೆ ನೀವು ನನ್ನ ಮುತ್ತಜ್ಜಿಗೂ ಅಜ್ಜಿಯಾಗಬೇಕು. ಆದರೆ ನಿಮ್ಮ ಚಿತ್ರದ ಮೂಲೆಯಲ್ಲಿ ‘ಇಂದುಮತಿ, 19 ವರ್ಷ, 2024’ ಎಂದು ಬರೆದಿದ್ದೀರಿ. ನನಗೂ ಹತ್ತೊಂಬತ್ತು. ಅದಕ್ಕೇ ಅಕ್ಕ ಎಂದೆ, ಬೇಸರವಿಲ್ಲ ತಾನೇ? ತಾರೀಖು ತಪ್ಪಿಲ್ಲ. ನಮ್ಮಲ್ಲಿ ಮೇ ತಿಂಗಳ ಬಿಸಿಲು ತಡೆಯಲಾರದೆ ಅದರಿಂದ ನಾಲ್ಕು ದಿನ ಕಿತ್ತು ಜೂನಿಗೆ ಸೇರಿಸಿದ್ದಾರೆ. ಬಿಸಿಲೇನೂ ಕಡಿಮೆಯಾಗಿಲ್ಲ. ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಸಾರಿ. ಆರನೇ ವಯಸ್ಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು. ಊಟದ ಸಾಲಿನಲ್ಲಿ ಒಂದು ಭಾಷೆ, ಕ್ಲಾಸಿನಲ್ಲಿ ಒಂದು, ವಾರ್ಡನ್ ಎದುರಾದರೆ ಮತ್ತೊಂದು. ಮೂರೂ ಸೇರಿ ಇದಾಗಿದೆ.

ನಾನು ಶಾಂಭವಿ ಹೂಗಾರ, ಕಾಪುಗಾರಿಕೆಯ ಫಸ್ಟ್ ಇಯರ್. ನೀವು ಕ್ಯುರೇಟರ್ ಎನ್ನುತ್ತಿದ್ದಿರಂತಲ್ಲ, ಅವರನ್ನೇ ನಾವು ಕಾಪುಗಾರರು ಎನ್ನುವುದು. ಫಸ್ಟ್ ಇಯರಿನವರು ತಾವು ಮುಟ್ಟಿದ ಪ್ರತಿ ಚಿತ್ರಕ್ಕೂ, ಅದನ್ನು ಬರೆದವರ ಹೆಸರಿಗೆ ಒಂದು ಕಾಗದ ಬರೆದು ಚೌಕಟ್ಟಿನ ಹಿಂದೆ ಇಡಬೇಕು. ಅದಕ್ಕೆ ಹಿಂದೋಲೆ ಎಂದು ಹೆಸರು. ಎಲ್ಲರೂ ನಾಲ್ಕು ಸಾಲು ಗೀಚಿ ಮುಗಿಸುತ್ತಾರೆ, ನಾನೂ ಹಾಗೇ ಮಾಡುತ್ತಿದ್ದೆ. ಈ ಸಲ ನನಗೆ ನಿಜವಾಗಿಯೂ ಉತ್ತರ ಬೇಕು.

ಈ ಕೆಲಸವೆಂದರೆ ದಿನವಿಡೀ ಚಿತ್ರದ ಮುಂದೆ ಮೈಮರೆತು ನಿಲ್ಲುವುದು ಎಂದುಕೊಂಡು ಸೇರಿದೆ. ಚಿತ್ರ ನೋಡಲು ಸಿಗುವುದೇ ಕಡಿಮೆ. ಚಿತ್ರದ ಪಕ್ಕ ಅಂಟಿಸುವ ಗೋಡೆಚೀಟಿಯ ಎಂಬತ್ತು ಪದಗಳನ್ನು ನಲವತ್ತಕ್ಕೆ ಇಳಿಸಬೇಕು. ಇಳಿಸಿದ ಮೇಲೆ, ನಮ್ಮಜ್ಜನ ಹೆಸರೇ ಇಲ್ಲವಲ್ಲ ಎಂದು ಚಿತ್ರ ಕೊಟ್ಟವರು ಮುನಿಸಿಕೊಳ್ಳುತ್ತಾರೆ. ಗೋಡೆಗೆ ಬಳಿದ ಬಣ್ಣ ಒಣಗುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮುಚ್ಚುಹೊತ್ತು, ಊರಿಗೆ ಊರೇ ಬಾಗಿಲು ಹಾಕಿ ಕೂರುತ್ತದೆ. ಆಗ ಇರುವಷ್ಟು ಕರೆಂಟೆಲ್ಲ ಚಿತ್ರಗಳಿಗೆ: ಅವಕ್ಕೆ ಇಪ್ಪತ್ತೆರಡು ಡಿಗ್ರಿ, ನಮಗೆ ಮೂವತ್ತೆಂಟು. ಅದಕ್ಕೇ ಹೊರಗಿನ ಬಿಸಿಲಿನಿಂದ ಬಂದ ಚಿತ್ರದ ಪೆಟ್ಟಿಗೆಯನ್ನು ತಕ್ಷಣ ಬಿಚ್ಚುವಂತಿಲ್ಲ. ಒಂದು ಹಗಲು ಒಂದು ರಾತ್ರಿ ಅದು ತಣ್ಣಗೆ ಮಲಗಿರಬೇಕು. ಪೆಟ್ಟಿಗೆ ಮಲಗಿದೆ ಎಂದೇ ಹೇಳುತ್ತೇವೆ, ಅದರ ಪಕ್ಕ ಜೋರಾಗಿ ಮಾತನಾಡುವುದಿಲ್ಲ.

ನಿಮ್ಮ ಚಿತ್ರದ ಪೆಟ್ಟಿಗೆಯನ್ನು ನಾನು ನಾಲ್ಕೇ ತಾಸಿಗೆ ಎಬ್ಬಿಸಿದೆ.

ನಡೆದದ್ದು ಇಷ್ಟು. ಪ್ರದರ್ಶನ ಬರುವ ಗುರುವಾರ ಶುರುವಾಗಬೇಕಿತ್ತು, ಆ ದಿನ ಅತಿಥಿಗಳಿಗೆ ಬಿಡುವಿಲ್ಲವೆಂದು ನಾಳೆ ಸೋಮವಾರಕ್ಕೇ ಬಂತು. ನಮ್ಮ ಹಿರಿಯ ಕಾಪುಗಾರ್ತಿ ನೀಲಗಂಗಾ ಮೇಡಂ, ಕೊಟ್ಟ ಚಿತ್ರ ವಾಪಸ್ ಕೇಳುತ್ತಿದ್ದ ಒಬ್ಬರನ್ನು ಸಮಾಧಾನಪಡಿಸಲು ಗದಗಿಗೆ ಹೋದರು. ಹೋಗುವಾಗ, “ಶಾಂಭವಿ, ನಿನ್ನ ಮ್ಯಾಲ ಬಿಟ್ಟ ಹೊಂಟೇನಿ ನೋಡವಾ” ಎಂದರು. ಆ ಮಾತೇ ತಲೆಗೇರಿತು. ಅವರು ಬರುವಷ್ಟರಲ್ಲಿ ಎಲ್ಲ ಮುಗಿಸಿ ತೋರಿಸಬೇಕೆಂದು ನಿನ್ನೆ ಪೆಟ್ಟಿಗೆ ಬಿಚ್ಚಿದೆ. ಗಂಟು ಬಿಚ್ಚಲು ಬಾರದೆ ಕೈಗವಸು ತೆಗೆದೆ. ದಾರಿಯಲ್ಲಿ ಗಾಜು ಒಡೆಯಬಹುದೆಂದು ಅದನ್ನು ತೆಗೆದು, ಚಿತ್ರದ ಮೇಲೆ ತೆಳುಕಾಗದ ಹೊದಿಸಿ ಕಳಿಸಿದ್ದರು. ಆ ಕಾಗದ ಬೆವರಿನ ಕೈಗೆ ಅಂಟಿ ಸ್ವಲ್ಪ ಜಾರಿತು. ನೋಡಿದರೆ ಬೆರಳು ಕಪ್ಪು. ಗಾಬರಿಯಲ್ಲಿ ಹೋಗಿ ಕೈ ತೊಳೆದುಬಿಟ್ಟೆ. ಕಪ್ಪು ಕಾಗದದಿಂದ ಬಂತೋ ಚಿತ್ರದಿಂದ ಬಂತೋ ನೋಡಲೂ ಇಲ್ಲ. ಮುಟ್ಟುವ ಮೊದಲು ಫೋಟೊ ತೆಗೆಯಬೇಕು, ಅದು ನಮ್ಮ ಮೊದಲ ದಿನದ ಪಾಠ. ತೆಗೆದಿರಲಿಲ್ಲ.

ವಾಪಸ್ ಬಂದಾಗ ಅದು ಕಂಡಿತು. ರಸ್ತೆ ಬದಿಯ ಗಾಡಿ, ಇಸ್ತ್ರಿ ಮಾಡುವ ಹೆಂಗಸು, ಮಡಿಚಿಟ್ಟ ಬಟ್ಟೆ, ಎಲ್ಲವೂ ಇದ್ದಿಲಿನಲ್ಲಿ ಬರೆದದ್ದು. ಇಸ್ತ್ರಿ ಪೆಟ್ಟಿಗೆಯ ಪಕ್ಕದಿಂದ ಮೇಲಕ್ಕೆ, ಅವಳ ಮೊಣಕೈ ದಾಟಿ, ಒಂದು ಬೂದು ಗೀಟು. ಬೆರಳಗಲ. ಉಜ್ಜಿದ ಹಾಗೆ.

ಅದು ನಿಮ್ಮದೇ, ನನ್ನದೇ?

ನಮ್ಮಲ್ಲಿ ಬಯಲಿನಲ್ಲಿ ಬೆಂಕಿ ಹಚ್ಚಲು ಬಿಡುವುದಿಲ್ಲ. ಹೊಗೆಯನ್ನು ನಾನು ಕಣ್ಣಾರೆ ಕಂಡವಳಲ್ಲ. ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ ಹೊಗೆ ಬಿಡುತ್ತಿತ್ತೇ? ಬಿಟ್ಟರೆ ಅಷ್ಟು ಅಗಲ ಬರುತ್ತಿತ್ತೇ? ನಿಮಗೆ ಇದು ಪ್ರಶ್ನೆಯೇ ಅಲ್ಲ, ಬೀದಿ ತುದಿಗೆ ಹೋಗಿ ನೋಡಿದರೆ ಮುಗಿಯಿತು. ನಾನು ಎಲ್ಲಿಗೆ ಹೋಗಲಿ? ಚಿತ್ರದ ಒಡೆಯರ ಬಳಿ ಒಂದು ಹಳೆಯ ಫೋಟೊ ಇದೆ. ಸರಿಯಾಗಿ ಆ ಜಾಗದಲ್ಲೇ ಗಾಜಿನ ಹೊಳಪು.

ಚಿತ್ರ ಬಂದಾಗ ಅದರ ಮೈಮೇಲಿನ ಪ್ರತಿ ಗಾಯವನ್ನೂ ಬರೆದಿಡುವ ಹಾಳೆಗೆ ಮೈಪಟ್ಟಿ ಎನ್ನುತ್ತೇವೆ. ಅದರಲ್ಲಿ ಎರಡೇ ಕಾಲಂ: ಹಳೆಯದು, ಹೊಸದು. ‘ಹಳೆಯದು’ ಎಂದರೆ ಯಾರೂ ಕೇಳುವುದಿಲ್ಲ, ನನ್ನ ಸೀಟು ಉಳಿಯುತ್ತದೆ. ‘ಹೊಸದು’ ಎಂದರೆ ನಾನು ಮನೆಗೆ. ಅದಾದರೂ ಇರಲಿ, ಹೊಸದೆಂದು ಬರೆದ ಕಲೆಯನ್ನು ಅಂದೇ ಅಳಿಸಬೇಕೆಂಬ ನಿಯಮವಿದೆ. ಅದು ನೀವು ಬರೆದ ಹೊಗೆಯಾಗಿದ್ದರೆ, ನನ್ನ ಪ್ರಾಮಾಣಿಕತೆಯೇ ಅದನ್ನು ಒರೆಸಿಹಾಕುತ್ತದೆ.

ಇವತ್ತು ಬೆಳಿಗ್ಗೆ ಚಿತ್ರ ತೂಗುಹಾಕುವ ಹುಸೇನಸಾಬ ಕಾಕಾಗೆ ಮಾತ್ರ ಹೇಳಿದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಹಳೇದ್ ಅಂತ ಬರದ್ ಬಿಡ ತಂಗಿ. ಆ ಅಕ್ಕ ಎದ್ದ ಬಂದ್ ಕೇಳ್ತಾಳೇನ?”

“ಕಾಕಾ, ಹೊಗಿ ಹಿಂಗ ಇರ್ತಿತ್ತೇನ್ರಿ?”

“ನಾ ಎಲ್ಲಿ ನೋಡೇನವಾ ಹೊಗಿ? ಇಷ್ಟ್ ಬಿಳೇ ಗಡ್ಡ ಬಿಟ್ಟೇನಂತ ಅಷ್ಟ್ ಹಳಬನ್ನ ಮಾಡಬ್ಯಾಡ ನನ್ನ.” ಆಮೇಲೆ ಬಾಗಿಲಲ್ಲಿ ನಿಂತು, “ಹಿಂದ ಏನರ ಬರದಾಳೇನ ನೋಡೂಣು. ಒಬ್ಬಾಕೀನ ಹೊಳ್ಳಿಸಬ್ಯಾಡ, ಪುಡಿ ಉದುರ್ತೈತಿ. ನಾಳೆ ಎಂಟಕ್ಕ ಬರ್ತೇನಿ, ಇಬ್ಬರೂ ಹಿಡಿಯೂಣು” ಎಂದು ಹೋದರು.

ಈಗ ಚಿತ್ರ ಮೇಜಿನ ಮೇಲೆ ಮುಖ ಮೇಲಾಗಿ ಮಲಗಿದೆ. ಬೆನ್ನು ನೋಡಿಲ್ಲ. ನಾಲ್ಕು ಸಲ ಎದ್ದು ಹೋಗಿ ಬರಿದೇ ಅಂಚು ನೋಡಿ ಬಂದೆ. ನಾಳೆ ಬೆನ್ನು ನೋಡಿದ ಮೇಲೆ ಬರೆಯೋಣ ಎಂದು ಮೈಪಟ್ಟಿಯನ್ನು ಖಾಲಿ ಇಟ್ಟುಕೊಂಡಿದ್ದೆ. ಆದರೆ ಉತ್ತರ ಸಿಕ್ಕ ಮೇಲೆ ನಿಜ ಹೇಳುವುದು ಎಂಥ ನಿಜ? ಅದಕ್ಕೇ ಈಗಷ್ಟೇ ಎರಡೂ ಕಾಲಂ ಬಿಟ್ಟು ಅಂಚಿನಲ್ಲಿ ಬರೆದೆ: ‘ಗೊತ್ತಿಲ್ಲ. ಪೆಟ್ಟಿಗೆಯನ್ನು ನಾಲ್ಕು ತಾಸಿಗೆ, ಬರಿಗೈಯಲ್ಲಿ, ಫೋಟೊ ಇಲ್ಲದೆ ಬಿಚ್ಚಿದವಳು ನಾನು. ಹೊಗೆ ಕಂಡವರನ್ನು ಕೇಳದೆ ಇದನ್ನು ಅಳಿಸಬೇಡಿ.’ ಸಹಿ ಹಾಕಿ ಮೇಡಂ ಮೇಜಿನ ಮೇಲೆ ಇಟ್ಟು ಬಂದೆ.

ಹಿಂದೋಲೆಗಳು ತಲುಪುವುದಿಲ್ಲವೆಂದು ನನಗೆ ಗೊತ್ತು. ತಲುಪುವುದಾದರೆ, ನೀವು ಆ ಗಾಡಿಯ ಎದುರು ಇನ್ನೂ ಕೂತಿದ್ದರೆ, ಒಂದು ಕೆಲಸ ಮಾಡಿಕೊಡಿ. ಚಿತ್ರ ಮುಗಿದ ಮೇಲೆ ಅದರ ಬೆನ್ನಿಗೆ ಒಂದೇ ಸಾಲು, ಅದು ಹೊಗೆ ಎಂದೋ, ಅಲ್ಲ ಎಂದೋ. ಅಲ್ಲವಾದರೂ ಬರೆಯಿರಿ. ನಾಳೆ ಎಂಟಕ್ಕೆ ಕಾಕಾ ಒಂದು ಬದಿ ಹಿಡಿಯುತ್ತಾರೆ, ನಾನು ಇನ್ನೊಂದು ಬದಿ. ಈ ಸಲ ಕೈಗವಸು ಹಾಕಿಕೊಂಡಿರುತ್ತೇನೆ.

ನಿಮ್ಮ ಶಾಂಭವಿ