ಮುಂದಿನ ಸೀಟು ಅಜ್ಜಿಯದು

ಟೊಕೊಮಾರು ಬೇ
ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಮಗ ಹೇನಾರೆ,

ನಿನ್ನ ಬೆನ್ನುನೋವು ಹೇಗಿದೆ? ಆ ಗಣಿಯ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆ ಒಬ್ಬನೇ ಎತ್ತಬೇಡ ಅಂತ ಎಷ್ಟು ಸಲ ಹೇಳಲಿ. ಆಸ್ಟ್ರೇಲಿಯಾದ ಬಿಸಿಲಿಗೆ ಟೋಪಿ ಹಾಕಿಕೋ. ನಾನು ಚೆನ್ನಾಗಿದ್ದೇನೆ, ಮಂಡಿಯೊಂದು ಬಿಟ್ಟು. ಅದು ಮಡಚುವುದಿಲ್ಲ, ಕ್ಲಚ್ ಒತ್ತಲಾಗುವುದಿಲ್ಲ. ಹಾಗಾಗಿ ನನ್ನ ಕಾರು ಈಗ ನಿನ್ನ ಮಗಳ ಕೈಯಲ್ಲಿದೆ.

ಅರಿಹಿಯಾಗೆ ರಿಸ್ಟ್ರಿಕ್ಟೆಡ್ ಲೈಸೆನ್ಸ್ ಬಂತು. ಒಂದೇ ಸಲಕ್ಕೆ ಪಾಸು. ನಿನಗೆ ಎಷ್ಟು ಸಲ ಬೇಕಾಯಿತು ಅಂತ ನಾನು ಅವಳಿಗೆ ಹೇಳಿಲ್ಲ, ಹೆದರಬೇಡ. ಒಬ್ಬಳೇ ಓಡಿಸಬಹುದು, ಆದರೆ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಇಲ್ಲ. ಯಾರನ್ನಾದರೂ ಹತ್ತಿಸಿಕೊಳ್ಳಬೇಕಾದರೆ, ಪೂರ್ತಿ ಲೈಸೆನ್ಸ್ ಸಿಕ್ಕಿ ಎರಡು ವರ್ಷ ದಾಟಿದವರು ಪಕ್ಕದಲ್ಲಿ ಕೂತಿರಬೇಕು. ಈ ಊರಲ್ಲಿ ಇದನ್ನು ಯಾರು ಕೇಳುತ್ತಾರೆ ಹೇಳು. ಒಂದು ಕಾರು ಹೊರಟರೆ ಆರು ಜನ ಮಕ್ಕಳು, ಎರಡು ನಾಯಿ, ಸಮುದ್ರದಿಂದ ಹೆಕ್ಕಿದ ಒಂದು ಚೀಲ ಕೀನಾ ಚಿಪ್ಪು ಒಳಗೆ ಬಿದ್ದಿರುತ್ತವೆ. ಇವಳು ಮಾತ್ರ ಕೇಳುತ್ತಾಳೆ. ಮುಂದಿನ ತಿಂಗಳಿಂದ ಕ್ಲಿನಿಕ್ಕಿನ ಕಾರಿನಲ್ಲಿ ಕರಾವಳಿಯುದ್ದಕ್ಕೂ ಔಷಧಿ ಹಂಚುವ ಕೆಲಸ ಕೊಡುತ್ತೇವೆ ಅಂದಿದ್ದಾರೆ, ಲೈಸೆನ್ಸಿನ ಮೇಲೆ ಒಂದು ಕಲೆಯೂ ಇರಬಾರದು ಅನ್ನುವ ಷರತ್ತಿನ ಮೇಲೆ. ಆ ಕೆಲಸ ಸಿಕ್ಕರೆ ಅವಳು ಊರು ಬಿಡಬೇಕಾಗಿಲ್ಲ. ನನಗೆ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇಲ್ಲ.

ಈಗ ನಿನ್ನೆ ಶನಿವಾರದ ಕಥೆ ಕೇಳು. ನಮ್ಮ ಕುಲದವರೆಲ್ಲ ಸೇರುವ ಮರಾಎಯ ಊಟದ ಮನೆಗೆ ಹೊಸ ಮಾಡು ಹಾಕಿದ್ದಕ್ಕೆ ದಕ್ಷಿಣದ ನೆಂಟರನ್ನೆಲ್ಲ ಕರೆದಿದ್ದೆವು. ಅವರ ಬಸ್ಸು ಬಂದು ಗೇಟಿನ ಹೊರಗೆ ನಿಂತಿದೆ, ತುಂತುರು ಮಳೆ. ನಾನು ಕಪ್ಪು ಬಟ್ಟೆ ಉಟ್ಟು, ಹಸಿರು ಕಲ್ಲಿನ ಪದಕ ಹಾಕಿ, ಕೂಗಿ ಕರೆಯಲು ಜಗಲಿಯ ಮೇಲೆ ಸಿದ್ಧಳಾಗಿದ್ದೇನೆ. ನೋಡಿದರೆ ನಮ್ಮ ಕಡೆಯ ಮಾತುಗಾರರ ಬೆಂಚು ಖಾಲಿ. ಸ್ವಾಗತದ ಮಾತಾಡಬೇಕಾದ ತೂರೇಯ್ ಅಜ್ಜ ಬೆಟ್ಟದ ಮೇಲಿನ ಮನೆಯಲ್ಲೇ ಕೂತಿದ್ದಾರೆ, ಅವರ ಮೊಮ್ಮಗನ ಗಾಡಿ ಕೆಟ್ಟಿದೆ. ಮಾತಾಡುವವರಿಲ್ಲದೆ ನೆಂಟರನ್ನು ಒಳಗೆ ಕರೆದರೆ ಏಳು ತಲೆಮಾರು ಆಡಿಕೊಳ್ಳುತ್ತಾರೆ.

ನಿನ್ನಕ್ಕ ವಿಕಿಟೋರಿಯಾ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು. "ಏಯ್ ಹುಡುಗಿ, ಓಡು, ಅಜ್ಜನ್ನ ಕರ್ಕೊಂಡು ಬಾ." ಅರಿಹಿಯಾ ಅಲ್ಲೇ ನಿಂತಳು. "ಆಗಲ್ಲ ಅತ್ತೆ. ಅಜ್ಜ ಕಣ್ಣು ಮಂಜಾಯ್ತು ಅಂತ ಲೈಸೆನ್ಸ್ ವಾಪಸ್ ಕೊಟ್ಟಿದ್ದಾರೆ. ನನ್ ಪಕ್ಕ ಬೇರೆ ಯಾರಾದ್ರೂ ಬೇಕು." ನಿನ್ನಕ್ಕ ಕುದಿದುಬಿಟ್ಟಳು. "ಒಂದು ಮೈಲಿ ದಾರಿ, ಯಾವ ಪೊಲೀಸು ಬರ್ತಾನೆ? ಮರಾಎ ಮರ್ಯಾದೆಗಿಂತ ನಿನ್ ಕಾರ್ಡು ದೊಡ್ಡದಾ?" ಮಾಂಸ ಬೇಯಿಸಲು ನೆಲದಲ್ಲಿ ಒಲೆಗುಂಡಿ ತೋಡುತ್ತಿದ್ದ ಹುಡುಗರು ಕೀ ಕೊಡು ಅಂದರು. ಅವರಲ್ಲಿ ಒಬ್ಬನಿಗೂ ಪೂರ್ತಿ ಲೈಸೆನ್ಸ್ ಇಲ್ಲ, ನಿನ್ನಕ್ಕನಿಗೂ ಇಲ್ಲ. ಇವಳು ಕೀಯನ್ನು ಜೇಬಿಗೆ ಹಾಕಿಕೊಂಡಳು. ನಿಜ ಹೇಳುತ್ತೇನೆ, ನನಗೂ ಆಗ ಸಿಟ್ಟು ಬಂತು.

ಅವಳು ನೇರ ನನ್ನ ಹತ್ತಿರ ಬಂದಳು. "ನ್ಯಾನ್, ನಿನ್ದು ಪೂರ್ತಿ ಲೈಸೆನ್ಸು. ನೀನು ಕೂಗೋವರೆಗೂ ಅವರು ಹೇಗೂ ಒಳಗೆ ಬರೋ ಹಾಗಿಲ್ಲ. ಬಾ, ಹೋಗಿ ಬಂದ್ಬಿಡೋಣ." ಕಣ್ಣಲ್ಲಿ ನೀರಿತ್ತು ಮಗನೇ, ದನಿ ಮಾತ್ರ ಅಲ್ಲಾಡಲಿಲ್ಲ. ಆ ಗಳಿಗೆಯಲ್ಲಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಹೋದೆವು. ಕರೆಯಬೇಕಾದವಳೇ ಕಾರಿನಲ್ಲಿ ಕೂತು ನೆಂಟರ ನಡುವಿನಿಂದ ಆಚೆ ಹೋದದ್ದನ್ನು ಅವರು ಬಾಯಿ ಬಿಟ್ಟು ನೋಡಿದರು. ನಾನು ರಾಣಿಯ ಹಾಗೆ ಕೈ ಬೀಸಿದೆ, ಇನ್ನೇನು ಮಾಡಲಿ. ತೂರೇಯ್ ಅಜ್ಜನಿಗೆ ಹಿಂದಿನ ಸೀಟು ಅಂದಾಗ ಊರುಗೋಲು ಕುಟ್ಟಿದರು. "ನಂಗೆ ಅರವತ್ತು ವರ್ಷದ ಅನುಭವ ಇದೆ." ಇವಳು ಬೆಲ್ಟು ಹಾಕುತ್ತಾ, "ಅನುಭವ ಇದೆ ಅಜ್ಜ, ಲೈಸೆನ್ಸ್ ಇಲ್ವಲ್ಲ," ಅಂದಳು. ದಾರಿಯುದ್ದಕ್ಕೂ ಗೊಣಗಿದರು.

ಆಮೇಲೆ ಕೂಗಿದೆ, ಹೇನಾರೆ. ಈ ವರ್ಷ ನನ್ನ ಗಂಟಲು ಅಷ್ಟು ಚೆನ್ನಾಗಿ ಎಂದೂ ತೆರೆದಿರಲಿಲ್ಲ. ಅಜ್ಜ ಎದ್ದು ನಿಂತು ಬೆಟ್ಟ, ನದಿ, ಸತ್ತ ಹಿರಿಯರು ಎಲ್ಲರನ್ನೂ ನೆನೆದ ಮೇಲೆ ನೆಂಟರತ್ತ ತಿರುಗಿದರು. "ನಿಮ್ಮನ್ನ ಮಳೇಲಿ ನಿಲ್ಲಿಸಿದ್ದು ಯಾರು ಅಂತ ಕೇಳ್ತೀರಾ? ನಮ್ಮ ಅರಿಹಿಯಾ. ಇಂಥೋಳು ಒಬ್ಬಳಿದ್ರೆ ನಮ್ಮ ಮಕ್ಕಳೆಲ್ಲ ಜೀವಂತ ಮನೆ ಸೇರ್ತಾರೆ." ಆ ಅಂಗಳದಲ್ಲಿ, ಆ ಬಾಯಲ್ಲಿ ನಿನ್ನ ಮಗಳ ಹೆಸರು. ಮಾತಿನ ನಂತರದ ಹಾಡಿಗೆ ಅವಳನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಊಟದ ಹೊತ್ತಿಗೆ ನಿನ್ನಕ್ಕ ಬಂದು ಅವಳ ತಟ್ಟೆಗೆ ಹಂದಿಮಾಂಸದ ಒಳ್ಳೆಯ ತುಂಡು ಹಾಕಿ ಹೋದಳು.

ಹೊತ್ತಿಗೆ ಸರಿಯಾಗಿ ಉಣ್ಣು. ನಮ್ಮ ಹಿರಿಯರು ನಿನ್ನ ಬೆನ್ನ ಹಿಂದಿರಲಿ, ಆ ನೋಯುವ ಬೆನ್ನ ಹಿಂದೆ.

ನಿನ್ನ ಅಮ್ಮ,
ಮೆರೆಪೇಕಾ

ಮರೆತಿದ್ದೆ: ಕ್ರಿಸ್‌ಮಸ್ಸಿಗೆ ನೀನು ಗಿಸ್ಬೋರ್ನಿನಲ್ಲಿ ಇಳಿದಾಗ ಕರೆದುಕೊಂಡು ಬರಲು ಅವಳೇ ಕಾರು ತರುತ್ತಾಳಂತೆ. "ಅಪ್ಪನ್ದು ಪೂರ್ತಿ ಲೈಸೆನ್ಸೇ ತಾನೇ?" ಅಂತ ಕೇಳಿದಳು. ನಾನು ಇನ್ನೊಂದು ಗೆಣಸು ಎತ್ತಿಕೊಂಡು ಸಿಪ್ಪೆ ತೆಗೆಯತೊಡಗಿದೆ, ಅವಳಿಗೆ ತಿಳಿಯಿತು. ನಲವತ್ತೆರಡಾದರೂ ನೀನು ಇನ್ನೂ ರಿಸ್ಟ್ರಿಕ್ಟೆಡ್‌ನಲ್ಲೇ ಇದ್ದೀಯ. ಹಾಗಾಗಿ ನಾನೂ ಬರುತ್ತೇನೆ, ಮುಂದೆ ನಾನು, ಹಿಂದೆ ನೀನು. ಅವಳು ನಗಲಿಲ್ಲ ಕಣೋ. "ಪರವಾಗಿಲ್ಲ ನ್ಯಾನ್, ನಂಗೆ ಪೂರ್ತಿ ಬಂದು ಎರಡು ವರ್ಷ ಆಗ್ಲಿ, ಅಪ್ಪನ ಪಕ್ಕ ನಾನೇ ಕೂತ್ಕೊಂಡು ಕಲಿಸ್ತೀನಿ. ಅಷ್ಟು ದಿನ ಅಪ್ಪ ಇಲ್ಲೇ ಇರ್ಬೇಕಷ್ಟೇ," ಅಂದಳು.