ಬಚ್ಚಲಲ್ಲಿ ಬಿದ್ದವರು

ಉಪ್ಪಳ
12-8-2024

ಪ್ರೀತಿಯ ಜೋಯ್ಸ್,

ನೀನೂ ಮಕ್ಕಳೂ ಸೌಖ್ಯವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಬಚ್ಚಲಲ್ಲಿ ಬಿದ್ದು ಬಲಗೈ ಮುರಿದಿದೆ. ಇದು ಎಡಗೈ ಬರಹ. ಓದಲು ನಿನಗೆ ತ್ರಾಸ, ಆದರೂ ನಾನು ಬಿಡೆ ಪ್ರಾಸ. ನನ್ನ ಫೋನು ನನ್ನ ಗಂಡನೆಂಬ ನಿನ್ನ ಅಣ್ಣ ಲ್ಯಾರಿಯ ಕಿಸೆಯಲ್ಲೇ ಇರುತ್ತದೆ. ಹಾಗಾಗಿ ನಾಳೆ ಮಸ್ಕತ್‌ಗೆ ಹೊರಡುವ ನೆರೆಮನೆಯ ಕುಂಞನ ಕೈಯಲ್ಲಿ ಇದನ್ನು ಹಲಸಿನ ಹಪ್ಪಳದ ಕಟ್ಟಿನೊಳಗಿಟ್ಟು ಕಳುಹಿಸುತ್ತಿದ್ದೇನೆ.

ನನಗೊಂದು ಸರ್ವೆ ಕೆಲಸ ಸಿಕ್ಕಿದೆ. ಮನೆಮನೆಗೆ ಹೋಗಿ, ಮುದುಕರಿಗೆ ಬೀಳುವ ಹೆದರಿಕೆ ಎಷ್ಟೆಂದು ಅಳೆಯುವುದು! ಮೀಯುವಾಗ, ಮೆಟ್ಟಿಲಿಳಿಯುವಾಗ ಹೆದರಿಕೆ ಇಲ್ಲದಿದ್ದರೆ ಒಂದು, ವಿಪರೀತ ಇದ್ದರೆ ನಾಲ್ಕು. ಪ್ರಶ್ನೆ ಮಲಯಾಳದಲ್ಲಿ, ಉತ್ತರ ತುಳುವಿನಲ್ಲಿ, ನಡುವೆ ನಾನು. ಕೇಳುವಾಗ ಮನೆಯವರು ಹತ್ತಿರ ಇರಬಾರದೆಂದು ತರಬೇತಿಯಲ್ಲಿ ಹೇಳಿದ್ದರು. ಆದರೆ ಚಾ ಕೊಟ್ಟವನಿಗೆ ಅವನದೇ ಚಾವಡಿಯಿಂದ ಎದ್ದುಹೋಗು ಎನ್ನುವುದು ಹೇಗೆ? ಕುಂಜತ್ತೂರಿನ ರಾಜೀವಿಯಕ್ಕನ ಮನೆಯಲ್ಲಿ ನಾನು ಮಾಡಿದ ತಪ್ಪು ಅದೇ.

"ಅಮ್ಮನಿಗೆ ಎಲ್ಲದಕ್ಕೂ ನಾಲ್ಕು ಹಾಕಿ ಫ್ಲೋರಾಬಾಯಿ. ದಿನಾ ಬೀಳುವುದೇ ಕೆಲಸ," ಎಂದ ಮಗ ಲತೀಶ್.

"ಬಚ್ಚಲಿಗೆ ಒಂದು," ಎಂದರು ರಾಜೀವಿಯಕ್ಕ. "ಮೆಟ್ಟಿಲಿಗೂ ಒಂದು. ಇವನ ಎದುರು ಕುರ್ಚಿಯಲ್ಲಿ ಕೂರಲಿಕ್ಕೆ ಎಷ್ಟು ಅಂತ ಕೇಳುವುದಿಲ್ವಾ? ಅದಕ್ಕೆ ನಿಮ್ಮ ನಾಲ್ಕು ಸಾಲದು."

ಲತೀಶ್ ನಕ್ಕ. ನಗುತ್ತಲೇ ತಾಯಿ ಕೂತಿದ್ದ ಕುರ್ಚಿಯ ಕಾಲಿಗೆ ಒದ್ದ. ಮುದುಕಿಯ ತಲೆ ಹೊಸ್ತಿಲಿಗೆ ಬಡಿಯಿತು. ರಕ್ತ ನೆಲದಲ್ಲಿಟ್ಟ ನನ್ನ ಚಾ ಗ್ಲಾಸಿನ ತನಕ ಹರಿಯಿತು.

"ಎಂತ ನೋಡುವುದು? ಹೀಗೇ ಬೀಳುವುದು ಇವರು. ಬರ್ಕೊಳ್ಳಿ," ಎನ್ನುತ್ತಾ ತಾಯಿಯ ತುರುಬು ಹಿಡಿದು ಎಳೆದ.

ನಾನು ಪ್ಲಾಸ್ಟರ್ ಹಾಕಿದ ಕೈಯೆತ್ತಿ ಅವನ ಮೂಗಿಗೆ ಬಿಟ್ಟೆ. ಅವನು ಬಿದ್ದು ಎದ್ದ, ಮತ್ತೊಮ್ಮೆ ಬಿಟ್ಟೆ. ಮುರಿದ ಸದ್ದು ಅವನ ಮೂಗಿನದೋ ನನ್ನ ಕೈಯದೋ, ಇಬ್ಬರೂ ಒಟ್ಟಿಗೇ ಕಿರುಚಿದೆವು. ನೆರೆಯವರು ಓಡಿಬಂದು ಅವನನ್ನು ಬಾವಿಯ ಹಗ್ಗದಿಂದ ಕಟ್ಟಿಹಾಕಿದರು.

ಆಸ್ಪತ್ರೆಯಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಳ್ಳುತ್ತಲೇ ರಾಜೀವಿಯಕ್ಕ ಪೊಲೀಸರಿಗೆ, "ಮಗ ಬೀಳಿಸಿದ್ದು," ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನೆಲ್ಲಿ ಬಿದ್ದದ್ದು ಮಗಾ?"

"ಬಚ್ಚಲಲ್ಲಿ."

"ಹೌದಾ? ಇಷ್ಟು ವರ್ಷ ನಾನೂ ಅಲ್ಲೇ ಬಿದ್ದದ್ದು."

ಎಡಗೈ ಸೋತಿತು, ನಿಲ್ಲಿಸುತ್ತೇನೆ. ದೇವರು ನಿಮ್ಮೆಲ್ಲರನ್ನೂ ಕಾಯಲಿ, ಹಪ್ಪಳ ಮುರಿಯದೆ ಮಕ್ಕಳ ಕೈ ಸೇರಲಿ.

ನಿನ್ನ
ಫ್ಲೋರಾ

ತಾ.ಕ.: ನಮ್ಮ ಬಚ್ಚಲು ಒಣಗಿತ್ತು ಜೋಯ್ಸ್. ಮೀನಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ನನ್ನ ಕೈಯನ್ನು ಬಾಗಿಲ ಸಂದಿಗಿಟ್ಟು, ಮೂಳೆ ಮುರಿಯುವ ತನಕ ಬಾಗಿಲು ಒತ್ತಿದ್ದು ಲ್ಯಾರಿ. ನಾಳೆ ಕುಂಞ ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿಯಲ್ಲೇ ಹೊರಟು ಪೊಲೀಸ್ ಸ್ಟೇಷನ್ನಿನ ಎದುರು ಇಳಿಯುತ್ತೇನೆ. ಲ್ಯಾರಿ ನಿನಗೆ ಫೋನು ಮಾಡಿ ಅಳುತ್ತಾನೆ, ಫ್ಲೋರಾ ಬಚ್ಚಲಲ್ಲಿ ಬಿದ್ದದ್ದು ಎನ್ನುತ್ತಾನೆ. ಕಾಲೇಜಿನಲ್ಲಿ ನಿನ್ನ ಹುಬ್ಬಿನ ಮೇಲಿನ ಹೊಲಿಗೆ ನೋಡಿ, ಎಲ್ಲಿ ಬಿದ್ದದ್ದೆಂದು ನಾನು ಕೇಳಿದ್ದೆ. ನೀನೂ ಬಚ್ಚಲು ಎಂದಿದ್ದೆ. ಆಗ ನಾನು ನಂಬಿದ್ದೆ.